ಫೈಬರ್ ಕಡಿದ ದಿನವೂ ಓಡಬೇಕು: 'ದೊಡ್ಡಮನೆ' ಗುಂಪಿನ ಚರ್ಚೆ

2025 ಜೂನ್, ಭಾನುವಾರ ಸಂಜೆ

ತೋಟದ ಮನೆಯ ಸರ್ವರ್ ಪೆಟ್ಟಿಗೆಯಲ್ಲಿರೋ ಸಿನಿಮಾ, ಮದುವೆ ವಿಡಿಯೋಗಳನ್ನ ನಮ್ಮ ಐದು ಮನೆಯವರೂ ಪ್ಲೆಕ್ಸ್ ಅನ್ನೋ ಸಾಫ್ಟ್‌ವೇರ್ ಮೂಲಕ ನೋಡ್ತೀವಿ. ಅದಕ್ಕೆ ದುಡ್ಡು ಕಟ್ಟಬೇಕಾ, ಬೇರೆಯದು ಹಾಕಬೇಕಾ ಅನ್ನೋದೇ ಚರ್ಚೆ.

ಸೋಮವಾರಪೇಟೆ ಚಿಕ್ಕಪ್ಪ, 6:48
ಪ್ಲೆಕ್ಸ್ ದರಪಟ್ಟಿಯ ಫೋಟೋ ಮೇಲೆ ಹಾಕಿದ್ದೀನಿ, ಎಲ್ಲರೂ ನೋಡಿ. ಏಪ್ರಿಲ್ 29ರಿಂದ ಮನೆ ಹೊರಗಿಂದ ನಮ್ಮದೇ ವಿಡಿಯೋ ನೋಡೋಕೂ ದುಡ್ಡು ಕೊಡಬೇಕು. ನೋಡೋರು ಒಬ್ಬೊಬ್ಬರೂ ರಿಮೋಟ್ ವಾಚ್ ಪಾಸ್ ತಗೊಂಡ್ರೆ ತಿಂಗಳಿಗೆ 1.99 ಡಾಲರ್, ಇಲ್ಲಾ ವರ್ಷಕ್ಕೆ 19.99. ಸರ್ವರ್ ಇಟ್ಟವರ ಖಾತೆಗೇ ಪ್ಲೆಕ್ಸ್ ಪಾಸ್ ಇದ್ರೆ ಉಳಿದವರು ಏನೂ ಕೊಡಬೇಕಾಗಿಲ್ಲ. ಆ ಪ್ಲೆಕ್ಸ್ ಪಾಸ್ ಲೈಫ್‌ಟೈಮಿಗೆ 249.99 ಡಾಲರ್. ಡಾಲರಿಗೆ 85 ಹಿಡಿದ್ರೆ 21,250 ರೂಪಾಯಿ, ಐದು ಮನೆಗೆ ತಲಾ 4,250. ತಗೊಂಡುಬಿಡೋಣ ಅಂತ ನನ್ನ ಮತ.

ಶನಿವಾರಸಂತೆ ಅತ್ತೆ, 6:55
ತಮ್ಮಾ, ದುಡ್ಡು ಕೊಡದಿದ್ರೆ ಪ್ಲೆಕ್ಸ್ ಬಂದ್ ಅಂತ ಇನ್ನೊಂದು ಗುಂಪಲ್ಲಿ ಬಂದಿತ್ತು. ಹೌದಾ?

ನಾನು, 6:57
ಇಲ್ಲ ಅತ್ತೆ. ಸರ್ವರ್ ಇರೋ ಮನೆಯ ವೈಫೈನಲ್ಲೇ ಕೂತು ನೋಡಿದ್ರೆ ಈಗಲೂ ಬಿಟ್ಟಿ. ಫೋನ್ ಆಪ್‌ಗೆ ಮೊದಲು ಒಂದು ಸಲ ಕೊಡಬೇಕಿದ್ದ ಶುಲ್ಕವನ್ನೂ ಈ ಸಲ ತೆಗೆದಿದ್ದಾರೆ. ನಿಮ್ಮನೆಯಿಂದ, ಮೈಸೂರಿಂದ, ಬೆಂಗಳೂರಿಂದ ನೋಡೋದಕ್ಕೆ ಮಾತ್ರ ದುಡ್ಡು.

ಕುಶಾಲನಗರ ಭಾವ, 7:03
ಮಾವ, ಕೊಡೋದು ಬಿಡೋದು ಆಮೇಲೆ. ಮೊದಲು ಒಂದು ನೋಡಿ. ರೂಟರ್ ಪೇಜ್ ತೆಗೆದು ವ್ಯಾನ್ ಐಪಿ, ಅಂದ್ರೆ ಇಂಟರ್ನೆಟ್ ಕಂಪನಿ ನಿಮ್ಮ ರೂಟರಿಗೆ ಕೊಟ್ಟಿರೋ ವಿಳಾಸ, ಏನಿದೆ ಹೇಳಿ.

ಸೋಮವಾರಪೇಟೆ ಚಿಕ್ಕಪ್ಪ, 7:09
100.71ರಿಂದ ಶುರುವಾಗುತ್ತೆ.

ಕುಶಾಲನಗರ ಭಾವ, 7:14
ಅಲ್ಲೇ ಇರೋದು ಪೆಟ್ಟು. 100.64ರಿಂದ 100.127ರ ತನಕ ಇದ್ರೆ ಅದು ಸೀಜಿನ್ಯಾಟ್. ಒಂದೇ ಪಬ್ಲಿಕ್ ವಿಳಾಸವನ್ನ ಕಂಪನಿಯವರು ಎಷ್ಟೋ ಮನೆಗೆ ಹಂಚಿರ್ತಾರೆ. ನಿಮ್ಮ ರೂಟರಲ್ಲಿ ಪ್ಲೆಕ್ಸಿನ ಬಾಗಿಲಾದ 32400 ಪೋರ್ಟ್ ತೆರೆದ್ರೂ ಹೊರಗಿಂದ ಬಂದವರು ಕಂಪನಿ ಬಾಗಿಲಲ್ಲೇ ನಿಲ್ತಾರೆ. ನೇರ ದಾರಿ ಸಿಗದಾಗ ಪ್ಲೆಕ್ಸ್ ತನ್ನ ರಿಲೇ, ಅಂದ್ರೆ ನಡುವಿನ ಸರ್ವರ್ ಮೂಲಕ ಕಳಿಸುತ್ತೆ. ರಿಲೇ ವೇಗದ ಮಿತಿ ಪ್ಲೆಕ್ಸ್ ಪಾಸ್ ಇಲ್ಲದವರಿಗೆ 1 ಎಂಬಿಪಿಎಸ್, ಇದ್ದವರಿಗೆ 2. ಒಳ್ಳೆ 1080ಪಿ ಚಿತ್ರಕ್ಕೆ 8 ಆದರೂ ಬೇಕು. 21,000 ಕೊಟ್ಟು ಮಸುಕು ಚಿತ್ರ ನೋಡ್ತೀವಿ.

ಮೈಸೂರು ಅಕ್ಕ, 7:20
ಭಾವ ಹೇಳಿದ್ದು ಸರಿ. ದುಡ್ಡು ಕಟ್ಟಿದ್ರೂ ಸೀಜಿನ್ಯಾಟ್ ಹಾಗೇ ಇರುತ್ತೆ. ಅದನ್ನ ದಾಟೋಕೆ ಟೇಲ್‌ಸ್ಕೇಲ್ ಥರದ್ದು, ನಮ್ಮ ಸರ್ವರ್, ಫೋನು, ಟೀವಿಗಳನ್ನ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸೋ ಆಪ್, ಹೇಗೂ ಹಾಕಲೇಬೇಕು. ಅದು ಬಂತು ಅಂದ್ರೆ ಹೊರಗಿಂದ ನೋಡೋ ದಾರಿ ನಮ್ಮದೇ ಆಯ್ತು, ಆಮೇಲೆ ಪಾಸ್ ಯಾಕೆ? ಪ್ಲೆಕ್ಸ್ ಥರದ್ದೇ ಕೆಲಸ ಬಿಟ್ಟಿಯಾಗಿ ಮಾಡೋ ಜೆಲ್ಲಿಫಿನ್ ಹಾಕೋಣ ಚಿಕ್ಕಪ್ಪ.

ಸೋಮವಾರಪೇಟೆ ಚಿಕ್ಕಪ್ಪ, 7:26
ಪುಟ್ಟಿ, ಜೆಲ್ಲಿಫಿನ್ ನಾನೂ ನೋಡಿದ್ದೀನಿ. ಮೂರು ತಕರಾರಿದೆ. ಒಂದು, ಟೀವಿ ಆಪ್. ಪ್ಲೆಕ್ಸ್ ಹೆಚ್ಚೂಕಡಿಮೆ ಯಾವ ಸ್ಮಾರ್ಟ್ ಟೀವಿಯಲ್ಲೂ ಸಿಗುತ್ತೆ, ಜೆಲ್ಲಿಫಿನ್ ಸ್ಯಾಮ್‌ಸಂಗ್ ಟೀವಿಗೆ ಹಾಕಬೇಕಾದ್ರೆ ಡೆವಲಪರ್ ಮೋಡ್ ತೆರೆದು ನಾವೇ ತುರುಕಬೇಕು. ಎರಡು, ಸೆಕ್ಯುರಿಟಿ. ಪ್ಲೆಕ್ಸ್ ಸರ್ಟಿಫಿಕೇಟ್, ಲಾಗಿನ್ ಎಲ್ಲ ತಾನೇ ನೋಡಿಕೊಳ್ಳುತ್ತೆ. ಜೆಲ್ಲಿಫಿನ್‌ನ 8096 ಪೋರ್ಟನ್ನ ಹಾಗೇ ಊರಿಗೆ ತೆರೆದಿಟ್ಟವರು ಎಷ್ಟು ಜನ! ಕೆಲವು ವಿಳಾಸಗಳಿಗೆ ಲಾಗಿನ್ ಇಲ್ಲದೇನೂ ಅದು ಉತ್ತರ ಕೊಡುತ್ತೆ, ಇದು ಬಹಳ ದಿನದಿಂದ ಗೊತ್ತಿರೋ ದೋಷ. ಮೂರು, ಕೆಟ್ಟರೆ ಯಾರನ್ನ ಕೇಳೋದು?

ಮೈಸೂರು ಅಕ್ಕ, 7:38
ಮೊದಲಿನ ಎರಡೂ ನಿಜ, ಒಪ್ತೀನಿ. ಟೀವಿ ಆಪ್ ವಿಷಯದಲ್ಲಿ ಪ್ಲೆಕ್ಸ್ ಮುಂದಿದೆ. ಆದರೆ ಟೇಲ್‌ಸ್ಕೇಲ್ ಕೂಡ ಸ್ಯಾಮ್‌ಸಂಗ್, ಎಲ್‌ಜಿ ಟೀವಿಯೊಳಗೆ ಹೋಗಲ್ಲ. ಪ್ಲೆಕ್ಸೇ ಇಟ್ಟರೂ ಅಂಥ ಟೀವಿಗೆ ಒಂದು ಆಂಡ್ರಾಯ್ಡ್ ಟೀವಿ ಡಬ್ಬಿ ಬೇಕೇ ಬೇಕು. ಅದರಲ್ಲಿ ಜೆಲ್ಲಿಫಿನ್, ಟೇಲ್‌ಸ್ಕೇಲ್ ಎರಡೂ ಪ್ಲೇಸ್ಟೋರಲ್ಲೇ ಸಿಗುತ್ತೆ.

ಸೆಕ್ಯುರಿಟಿಗೆ ಒಂದೇ ನಿಯಮ: ರೂಟರಲ್ಲಿ ಯಾವ ಪೋರ್ಟೂ ತೆರೆಯೋದು ಬೇಡ. ಟೇಲ್‌ಸ್ಕೇಲ್ ಒಳಗೆ ಬಂದವರಿಗೆ ಮಾತ್ರ 8096 ಕಾಣಬೇಕು. ಮುಚ್ಚಿದ ಗೇಟಿನೊಳಗೆ ಆ ದೋಷದಿಂದ ಹೊರಗಿನವರಿಗೆ ಉಪಯೋಗ ಇಲ್ಲ.

ಇನ್ನು ನಿಮ್ಮ ಪೆಟ್ಟಿಗೆಯಲ್ಲಿರೋದು ಇಂಟೆಲ್ ಎನ್100 ಪ್ರೊಸೆಸರ್. ಅದರೊಳಗಿನ ವಿಡಿಯೋ ಬದಲಿಸೋ ಭಾಗ, ಕ್ವಿಕ್ ಸಿಂಕ್ (ಕ್ಯೂಎಸ್‌ವಿ), ಚೆನ್ನಾಗಿದೆ. ಪ್ಲೆಕ್ಸ್‌ನಲ್ಲಿ ಪಾಸ್ ಇಲ್ಲದೆ ಅದನ್ನ ಮುಟ್ಟೋ ಹಾಗಿಲ್ಲ, ಟ್ರಾನ್ಸ್‌ಕೋಡ್, ಅಂದ್ರೆ ಟೀವಿಗೆ ತಕ್ಕ ಹಾಗೆ ವಿಡಿಯೋ ಬದಲಿಸೋ ಕೆಲಸ, ಎಲ್ಲ ಸಿಪಿಯು ಮೇಲೆ. ಜೆಲ್ಲಿಫಿನ್‌ನಲ್ಲಿ ಬಿಟ್ಟಿ. ಪ್ಲೇಬ್ಯಾಕ್ ಪುಟದಲ್ಲಿ ಕ್ಯೂಎಸ್‌ವಿ ಆರಿಸಿದ್ರೆ ಮುಗೀತು ಅಂದುಕೊಳ್ಳೋರು ಸೋಲೋದು ಡಾಕರ್‌ನಲ್ಲಿ, ಅಂದ್ರೆ ಸಾಫ್ಟ್‌ವೇರನ್ನ ಕಂಟೇನರ್ ಅನ್ನೋ ಬೇರೆ ಗೂಡಲ್ಲಿ ಓಡಿಸೋ ವ್ಯವಸ್ಥೆಯಲ್ಲಿ. ಅದರ ಸೆಟ್ಟಿಂಗ್ ಬರೆಯೋ ಕಂಪೋಸ್ ಫೈಲಲ್ಲಿ ಡಿವೈಸಸ್ ಕೆಳಗೆ ಗ್ರಾಫಿಕ್ಸ್ ಚಿಪ್ಪಿನ ಡಿಆರ್‌ಐ ಫೋಲ್ಡರ್ ಕೊಡಬೇಕು, ಜೊತೆಗೆ ಆ ಚಿಪ್ ಬಳಸೋ ಅನುಮತಿ ಇರೋ ರೆಂಡರ್ ಗ್ರೂಪಿನ ನಂಬರನ್ನ ಗ್ರೂಪ್ ಆ್ಯಡ್‌ನಲ್ಲಿ ಸೇರಿಸಬೇಕು. ಆ ನಂಬರ್ ಒಂದೊಂದು ಮಷೀನಲ್ಲಿ ಒಂದೊಂದು, ಇಂಟರ್ನೆಟ್ಟಿಂದ ನಕಲು ಹೊಡೆದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ, ವಿಡಿಯೋ ಶುರುವಾಗೋದೇ ಇಲ್ಲ.

ಸೋಮವಾರಪೇಟೆ ಚಿಕ್ಕಪ್ಪ, 7:44
ನಾಳೆ ಜೆಲ್ಲಿಫಿನ್‌ನವರೂ ದುಡ್ಡು ಕೇಳಿದ್ರೆ? ಎಂಬಿ ಅನ್ನೋ ಇಂಥದ್ದೇ ಸರ್ವರ್ ಕೂಡ ಮೊದಲು ಓಪನ್ ಸೋರ್ಸೇ, ಅದರ ಕೋಡ್ ಯಾರು ಬೇಕಾದ್ರೂ ಬಳಸಬಹುದಿತ್ತು ಅಲ್ವಾ.

ಮೈಸೂರು ಅಕ್ಕ, 7:49
ಜೆಲ್ಲಿಫಿನ್ ಹುಟ್ಟಿದ್ದೇ ಅದಕ್ಕೆ. ಎಂಬಿ ತನ್ನ ಸೋರ್ಸ್ ಮುಚ್ಚಿದಾಗ, 2018ರ ಡಿಸೆಂಬರಲ್ಲಿ, ಅದರ ಕೊನೆಯ ತೆರೆದ ಆವೃತ್ತಿ ಹಿಡಿದು ಬೇರೆ ಮನೆ ಕಟ್ಟಿದ್ರು. ಲೈಸೆನ್ಸ್ ಜಿಪಿಎಲ್, ಅಂದ್ರೆ ಕೋಡನ್ನ ಯಾರು ಬೇಕಾದ್ರೂ ಬಳಸಬಹುದು, ಬದಲಿಸಬಹುದು, ಹಂಚಬಹುದು. ಹಿಂದೆ ಕಂಪನಿ ಇಲ್ಲ, ಕೆಲಸ ಮಾಡೋರೆಲ್ಲ ಸ್ವಯಂಸೇವಕರು. ಅವರು ಕೈಬಿಟ್ಟರೂ ಇವತ್ತಿನ ಆವೃತ್ತಿಯನ್ನ ನಮ್ಮಿಂದ ಯಾರೂ ಕಿತ್ತುಕೊಳ್ಳೋಕಾಗಲ್ಲ.

ಕುಶಾಲನಗರ ಭಾವ, 7:58
ನನಗೆ ಇದಕ್ಕಿಂತ ದೊಡ್ಡ ಕಾರಣ ಮಳೆ. ಆರಿದ್ರಾ ಹಿಡಿದ್ರೆ ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ಕಡಿಯೋದು ಗ್ಯಾರಂಟಿ, ಮರ ಏರಿ ಜಾಯಿಂಟ್ ಹಾಕೋಕೆ ಮಳೆ ಬಿಡಬೇಕು. ಆ ಹೊತ್ತಲ್ಲೇ ಅಲ್ವಾ ತೋಟದ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂರೋದು? ಪ್ಲೆಕ್ಸ್ ಲಾಗಿನ್ ಅವರ ಕಂಪನಿಯ ಸರ್ವರಲ್ಲಿ ಆಗುತ್ತೆ. ವಿಡಿಯೋ ಪಕ್ಕದ ಕೋಣೆಯಲ್ಲೇ ಇದ್ರೂ, ಇಂಟರ್ನೆಟ್ ಸತ್ತಾಗ ಆಪ್ ನೀನು ಯಾರು ಅಂತ ಅಲ್ಲಿಗೆ ಕೇಳೋಕೆ ಹೊರಡುತ್ತೆ.

ಸೋಮವಾರಪೇಟೆ ಚಿಕ್ಕಪ್ಪ, 8:02
ಅದಕ್ಕೆ ದಾರಿ ಇದೆಯಪ್ಪ. ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಲಾಗಿನ್ ಬೇಡದ ಐಪಿಗಳ ಪಟ್ಟಿ ಅಂತ ಇದೆ. ಮನೆಯ 192.168.1.0, ಮಾಸ್ಕ್ 255.255.255.0 ಹಾಕಿದ್ರೆ ಇಂಟರ್ನೆಟ್ ಇಲ್ಲದೇನೂ ತೆರೆಯುತ್ತೆ.

ಕುಶಾಲನಗರ ಭಾವ, 8:06
ಇದೆ ಮಾವ, ಆದರೆ ಆ ಪಟ್ಟಿಯಲ್ಲಿರೋ ಎಲ್ಲ ಫೋನಿಗೂ ಟೀವಿಗೂ ಅಡ್ಮಿನ್ ಅಧಿಕಾರ ಸಿಗುತ್ತೆ. ವೈಫೈ ಪಾಸ್‌ವರ್ಡ್ ಗೊತ್ತಿರೋ ಮಗು ಕೂಡ ಲೈಬ್ರರಿ ಅಳಿಸಬಹುದು. ಅದೂ ಅಲ್ಲದೆ ಕರೆಂಟ್ ಹೋಗಿ ಬಂದು ಟೀವಿ ಆಪ್ ಹೊಸದಾಗಿ ಸೈನಿನ್ ಕೇಳಿದ್ರೆ ಈ ಪಟ್ಟಿ ಉಪಯೋಗಕ್ಕೆ ಬರಲ್ಲ. ಜೆಲ್ಲಿಫಿನ್‌ನಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ನಮ್ಮ ಪೆಟ್ಟಿಗೆಯೊಳಗೇ. ರೂಟರ್ ಓಡ್ತಾ ಇದ್ರೆ ಸಾಕು.

ಶನಿವಾರಸಂತೆ ಅತ್ತೆ, 8:11
ನಮ್ಮನೆ ಟೀವಿಯಲ್ಲಿ ಉದ್ದದ ಪಾಸ್‌ವರ್ಡ್ ರಿಮೋಟಲ್ಲಿ ಒತ್ತಕ್ಕಾಗಲ್ಲ ಕಣ್ರೋ. ಅದು ಹೇಗೆ?

ಮೈಸೂರು ಅಕ್ಕ, 8:14
ಒತ್ತೋದೇ ಬೇಡ ಅತ್ತೆ. ಕ್ವಿಕ್ ಕನೆಕ್ಟ್ ಆರಿಸಿದ್ರೆ ಟೀವಿ ಮೇಲೆ 6 ಅಂಕಿ ಬರುತ್ತೆ. ಅದನ್ನ ಇಲ್ಲಿ ಹಾಕಿ, ನಿಮ್ಮ ಖಾತೆಯಿಂದ ನಾನು ಒಪ್ಪಿಗೆ ಕೊಡ್ತೀನಿ. ಟೇಲ್‌ಸ್ಕೇಲ್ ಆಪನ್ನ ಮಾತ್ರ ಮೊದಲು ಹಾಕಿ ಆನ್ ಮಾಡಿರಬೇಕು, ಅದು ಆಫ್ ಇದ್ರೆ ಸರ್ವರ್ ಸಿಗ್ತಾ ಇಲ್ಲ ಅಂತ ಬರುತ್ತೆ.

ನಾನು, 8:19
ಟೇಲ್‌ಸ್ಕೇಲ್ ಹಾಕಿದ್ರೂ ನಿಧಾನ ಅನ್ನೋರಿಗೆ ಒಂದು ಮಾತು. ಎರಡು ಕಡೆಗೂ ನೇರ ಸಂಪರ್ಕ ಸಿಗದಿದ್ರೆ ಅದೂ ತನ್ನ ಡರ್ಪ್ ರಿಲೇ ಮೂಲಕ ಸುತ್ತು ಹೊಡೆಯುತ್ತೆ. ಟೇಲ್‌ಸ್ಕೇಲ್ ಪಿಂಗ್ ಕೊಟ್ಟು ನೋಡಿ, ಉತ್ತರದಲ್ಲಿ ಡರ್ಪ್ ಅಂತ ಇದ್ರೆ ರಿಲೇ, ಐಪಿ ವಿಳಾಸ ಇದ್ರೆ ನೇರ. ಎರಡೂ ಮನೆ ರೂಟರಲ್ಲಿ ಐಪಿವಿ6 (ಹೊಸ ಥರದ ಐಪಿ ವಿಳಾಸ) ಆನ್ ಮಾಡಿದ್ರೆ ಬಹಳ ಸಲ ನೇರಕ್ಕೆ ಬರುತ್ತೆ.

ಇನ್ನೊಂದು: ಜೆಲ್ಲಿಫಿನ್ 192.168ರವರನ್ನ ಮನೆಯವರು ಅನ್ನುತ್ತೆ, ಟೇಲ್‌ಸ್ಕೇಲಿನ 100.xರವರನ್ನ ಹೊರಗಿನವರು ಅನ್ನುತ್ತೆ. ಇದು ನಮಗೆ ಅನುಕೂಲ. ಇಂಟರ್ನೆಟ್ ಸ್ಟ್ರೀಮಿಂಗ್ ಮಿತಿ 8 ಎಂಬಿಪಿಎಸ್ ಅಂತ ಇಟ್ಟರೆ ಹೊರಗಿನ ಮೂವರು ಒಟ್ಟಿಗೆ ನೋಡಿದ್ರೂ ಅಪ್‌ಲೋಡ್ 24 ದಾಟಲ್ಲ, ತೋಟದ ಮನೆ ಟೀವಿಗೆ ಮಾತ್ರ ಯಾವ ಕಡಿವಾಣವೂ ಇಲ್ಲ.

ಸೋಮವಾರಪೇಟೆ ಚಿಕ್ಕಪ್ಪ, 8:27
ಸರಿ. ಹಳೇ ಮದುವೆ ಕ್ಯಾಸೆಟ್ಟುಗಳದ್ದು? ಮಿನಿ ಡೀವಿ ಕ್ಯಾಮೆರಾ ಟೇಪಿಂದ ಇಳಿಸಿದ ಫೈಲುಗಳು ಪ್ಲೆಕ್ಸ್‌ನಲ್ಲೇ ತಡವರಿಸುತ್ತೆ. ಇದರಲ್ಲಿ ಓಡುತ್ತಾ?

ಮೈಸೂರು ಅಕ್ಕ, 8:41
ಅದು ಸರ್ವರ್ ತಪ್ಪಲ್ಲ ಚಿಕ್ಕಪ್ಪ, ಫೈಲಿನ ಜಾತಿಯೇ ಹಾಗೆ. ಡೀವಿ ಎವಿಐ ಗಂಟೆಗೆ 13 ಜಿಬಿ ತಿನ್ನುತ್ತೆ, ಟೀವಿಗಳಿಗೆ ಅದನ್ನ ಓದೋಕೆ ಬರಲ್ಲ. ಹಾಗಾಗಿ ಯಾರು ಒತ್ತಿದ್ರೂ, ಪ್ರತಿ ಸಲವೂ, ಸರ್ವರ್ ಅದನ್ನ ಹೊಸದಾಗಿ ಬದಲಿಸಿ ಕಳಿಸಬೇಕು. ಮೇಲಾಗಿ ಅದು ಇಂಟರ್‌ಲೇಸ್ ಆದ ಚಿತ್ರ, 720 ಇಂಟು 576. ಒಂದೊಂದು ಫ್ರೇಮಲ್ಲಿ ಎರಡು ಕ್ಷಣದ ಗೆರೆಗಳು ಹೆಣೆದಿರುತ್ತೆ. ಧಾರೆ ಎರೆಯೋವಾಗ ಕೈ ಆಡಿದ ಕಡೆ, ವಾಲಗದವರ ಡೋಲಿನ ಕೋಲಿನ ಸುತ್ತ ಬಾಚಣಿಗೆ ಹಲ್ಲಿನ ಥರ ಗೆರೆ ಕಾಣುತ್ತಲ್ಲ, ಅದೇ.

ಒಂದೇ ಸಲ ಕೂತು ಮಾಡಿಬಿಡಿ. ವಿಡಿಯೋ ಬದಲಿಸೋ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಎಚ್.264, ಕ್ವಾಲಿಟಿ 18ರಿಂದ 20. ಹೆಣೆದ ಗೆರೆ ಬಿಡಿಸೋ ಡಿಇಂಟರ್‌ಲೇಸ್‌ನಲ್ಲಿ ಬ್ವಿಡಿಫ್ ಆರಿಸಿ ಬಾಬ್ ಇಡಿ, ಫ್ರೇಮ್ ರೇಟ್ 50 ಮಾಡಿ. 25 ಇಟ್ಟರೆ ಅರ್ಧ ಚಲನೆ ಕಳೆದುಹೋಗಿ ಕುಣಿತ ಎಲ್ಲ ಕುಕ್ಕಿದ ಹಾಗೆ ಕಾಣುತ್ತೆ. 576ನ್ನ 1080ಕ್ಕೆ ಹಿಗ್ಗಿಸಬೇಡಿ, ಏನೂ ಸಿಗಲ್ಲ. ಹೀಗೆ ಮಾಡಿದ್ದನ್ನ ಟೀವಿ ನೇರವಾಗಿ ಓದುತ್ತೆ, ಸರ್ವರ್ ಬರೀ ಫೈಲ್ ಕಳಿಸುತ್ತೆ ಅಷ್ಟೆ. ಮೂಲ ಎವಿಐ ಮಾತ್ರ ಅಳಿಸಲೇಬೇಡಿ. ಬೇರೆ ಡಿಸ್ಕಲ್ಲಿಟ್ಟು ಮೈಸೂರಿಗೆ ಕಳಿಸಿ.

ಲೈಬ್ರರಿ ಮಾಡೋವಾಗ ಇದನ್ನ ಮೂವೀಸ್ ಅಂತ ಕೊಡಬೇಡಿ, ಹೋಮ್ ವಿಡಿಯೋಸ್ ಅಂತ ಕೊಡಿ. ಇಲ್ಲದಿದ್ರೆ ನಮ್ಮ ಮದುವೆಗೆ ಯಾವುದೋ ಸಿನಿಮಾ ಪೋಸ್ಟರ್ ಅಂಟಿಸುತ್ತೆ. ಸಿನಿಮಾಗಳಿಗೆ ಒಂದೊಂದಕ್ಕೆ ಒಂದು ಫೋಲ್ಡರ್, ಹೆಸರಾದ ಮೇಲೆ ಆವರಣದಲ್ಲಿ ವರ್ಷ.

ನಾನು, 8:46
ಕನ್ನಡ ಸಬ್‌ಟೈಟಲ್ ಇದ್ರೆ ಫೈಲ್ ಯುನಿಕೋಡ್ ಯುಟಿಎಫ್-8 ಆಗಿರಬೇಕು. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದು ಬರೀ ಇಂಗ್ಲಿಷ್ ಚಿಹ್ನೆಗಳ ಗೊಂದಲವಾಗಿ ಬರುತ್ತೆ, ಮೊದಲು ಯುನಿಕೋಡಿಗೆ ಬದಲಿಸಿ. ಅಕ್ಷರದ ಬದಲು ಚೌಕ ಡಬ್ಬಿ ಬಂದ್ರೆ ಅದು ಬೇರೆ ಕಾಯಿಲೆ, ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸ್ಯಾನ್ಸ್ ಕನ್ನಡವನ್ನ ಒಂದು ಫೋಲ್ಡರಲ್ಲಿಟ್ಟು ಪ್ಲೇಬ್ಯಾಕ್ ಪುಟದಲ್ಲಿ ಫಾಲ್‌ಬ್ಯಾಕ್ ಫಾಂಟ್ ದಾರಿ ತೋರಿಸಿ.

ಕುಶಾಲನಗರ ಭಾವ, 8:55
ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ. ಮಾವ, ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತೆ, ಅದರಲ್ಲಿಡಿ. ಮಾಮೂಲಿ ಮೋಡಲ್ಲಿ ಕರೆಂಟ್ ಹೋದಾಗ ಬದಲಾಗೋದು ನಿಧಾನ, ಬಲ್ಬಿಗೆ ತೊಂದರೆ ಇಲ್ಲ, ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತೆ. 3.5 ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಇದೆಯಲ್ಲ, ಅದೂ ಇನ್ವರ್ಟರ್ ಲೈನಲ್ಲೇ ಇರಬೇಕು. ಪೆಟ್ಟಿಗೆ ಓಡ್ತಾ ಇದ್ದು ಡಿಸ್ಕ್ ಮಾತ್ರ ಆರಿದ್ರೆ ಬರೀತಾ ಇದ್ದ ಫೈಲು ಕೆಡುತ್ತೆ. ಡಿಸ್ಕನ್ನ ಎಫ್‌ಎಸ್‌ಟ್ಯಾಬಲ್ಲಿ (ಲಿನಕ್ಸಿನ ಡಿಸ್ಕ್ ಪಟ್ಟಿ ಫೈಲು) ಯುಯುಐಡಿ, ಅಂದ್ರೆ ಡಿಸ್ಕಿನ ಗುರುತಿನ ನಂಬರ್, ಹಾಕಿ ಮೌಂಟ್ ಮಾಡಿ, ನೋಫೇಲ್ ಸೇರಿಸಿ, ಡಿಸ್ಕ್ ಸಿಗದಿದ್ರೂ ಮಷೀನ್ ಏಳುತ್ತೆ. ಬಯೋಸಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗೋ ಆಯ್ಕೆಯನ್ನೂ ಹಾಕಿ. ಮಳೆಯಲ್ಲಿ ಯಾರೂ ತೋಟದ ಮನೆಗೆ ಓಡಿ ಬಟನ್ ಒತ್ತೋ ಹಾಗಾಗಬಾರದು.

ದೊಡ್ಡಮನೆಯಿಂದ ಕಣದ ಗೋಡೌನಿಗೆ ಎಳೆದಿರೋ ತಾಮ್ರದ ಲ್ಯಾನ್ ಕೇಬಲ್ ತೆಗೆಸಿ. ಏಪ್ರಿಲ್ ಹೂ ಮಳೆಯ ಸಿಡಿಲಿಗೆ ಅದೇ ದಾರಿ. ದೂರ ಬಿದ್ದ ಸಿಡಿಲೂ ಆ ತಂತಿಯಲ್ಲಿ ವೋಲ್ಟೇಜ್ ಏರಿಸಿ ಎರಡೂ ಕಡೆಯ ಪೋರ್ಟ್ ಸುಡುತ್ತೆ. ಫೈಬರ್ ಹಾಕಿದ್ರೆ ಗಾಜು, ಕರೆಂಟ್ ಹರಿಯಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ಕೇಬಲ್ ಕೇಳಿ, ಇಲ್ಲದಿದ್ರೆ ಮತ್ತೆ ಅದೇ ಕಥೆ.

ಸೋಮವಾರಪೇಟೆ ಚಿಕ್ಕಪ್ಪ, 9:04
ಇಷ್ಟು ಹೇಳಿದ ಮೇಲೆ ದುಡ್ಡು ಎತ್ತೋದು ಈಗ ಬೇಡ. ಆದರೆ ಪ್ಲೆಕ್ಸ್ ತೆಗೆಯೋಕೂ ನಾನು ಒಪ್ಪಲ್ಲ. ಅದು 32400, ಇದು 8096, ಪೋರ್ಟ್ ಜಗಳ ಇಲ್ಲ. ಒಂದೇ ಫೋಲ್ಡರನ್ನ ಎರಡಕ್ಕೂ ಓದೋಕೆ ಮಾತ್ರ ಕೊಡ್ತೀನಿ. ಮಳೆಗಾಲ ಪೂರ್ತಿ ಎರಡೂ ಓಡಲಿ. ನಾಳೆ ರೂಟರ್ ಆನ್ ಇಟ್ಟು ಫೈಬರ್ ವೈರ್ ಮಾತ್ರ ಕಿತ್ತು, ಟೀವಿಯನ್ನ ಗೋಡೆ ಸ್ವಿಚ್ಚಿಂದ ಆಫ್ ಮಾಡಿ ಆನ್ ಮಾಡ್ತೀನಿ. ಯಾವುದು ತೆರೆಯುತ್ತೆ ನೋಡೋಣ.

ಮೈಸೂರು ಅಕ್ಕ, 9:08
ಒಪ್ಪಿದೆ. ಜೆಲ್ಲಿಫಿನ್‌ನ ಡಾಕರ್ ಇಮೇಜ್ ತಾನಾಗೇ ಅಪ್‌ಡೇಟ್ ಆಗೋ ಹಾಗೆ ಮಾತ್ರ ಬಿಡಬೇಡಿ ಚಿಕ್ಕಪ್ಪ. ಆವೃತ್ತಿ ನಂಬರ್ ಬರೆದೇ ಹಾಕಿ. ದೊಡ್ಡ ಅಪ್‌ಡೇಟ್ ಡೇಟಾಬೇಸ್ ಬದಲಿಸಿದ್ರೆ ಹಿಂದಕ್ಕೆ ಬರೋಕಾಗಲ್ಲ. ಪ್ರತಿ ಸಲ ಮೊದಲು ಕಂಟೇನರ್ ನಿಲ್ಲಿಸಿ ಕಾನ್ಫಿಗ್ ಫೋಲ್ಡರ್ ನಕಲು ತೆಗೆದಿಡಿ. ಯಾರು ಏನು ನೋಡಿದ್ದಾರೆ ಅನ್ನೋದೆಲ್ಲ ಅದರಲ್ಲೇ ಇರೋದು.

ಸೋಮವಾರಪೇಟೆ ಚಿಕ್ಕಪ್ಪ, 9:11
ಆಯ್ತು. ಗೋಡೌನಿಗೆ ಎಳೆಯೋ ಫೈಬರಿಗೆ ಏನೇನು ತರಬೇಕು ಹೇಳಪ್ಪ, ಬುಧವಾರ ಕುಶಾಲನಗರಕ್ಕೆ ಬರ್ತೀನಿ.

ಕುಶಾಲನಗರ ಭಾವ, 9:15
ಸಿಂಗಲ್ ಮೋಡ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಕೇಬಲನ್ನ ಫೈಬರಿಗೆ ಸೇರಿಸೋ ಡಬ್ಬಿ) ಒಂದು ಜೋಡಿ, ಗಿಗಾಬಿಟ್‌ದು. ಒಂದೇ ಎಳೆಯದ್ದಾದ್ರೆ ಡಬ್ಬಿ ಮೇಲೆ ನೋಡಿ, ಒಂದು ಎ ಇನ್ನೊಂದು ಬಿ ಇರಬೇಕು. ಎರಡೂ ಎ ಕೊಟ್ಟರೆ ಒಂದೇ ಬಣ್ಣದ ಬೆಳಕು ಕಳಿಸ್ತವೆ, ಲಿಂಕ್ ಲೈಟ್ ಬರಲ್ಲ.