ಉಬುಂಟುವಿನಲ್ಲಿ ಡಿವಿಡಿ ಡ್ರೈವ್ ಕಾಣುವುದಿಲ್ಲ, ಟ್ರೇ ಮಾತ್ರ ತೆರೆಯುತ್ತದೆ

ಬದಿಯಡ್ಕದಿಂದ:
ನಮಸ್ಕಾರ. ಅಪ್ಪನ ಹತ್ತಿರ ತಾಳಮದ್ದಳೆಯ ಸುಮಾರು ಡಿವಿಡಿಗಳುಂಟು, ಎಲ್ಲ ನಾವೇ ರೆಕಾರ್ಡ್ ಮಾಡಿದ್ದು. ಹಾಳಾಗುವ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸುವ ಅಂತ ಹೊರಟರೆ ಡ್ರೈವೇ ಕಾಣುವುದಿಲ್ಲ. ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು 22.04. ಗುಂಡಿ ಒತ್ತಿದರೆ ಟ್ರೇ ಬರುತ್ತದೆ, ದೀಪವೂ ಉರಿಯುತ್ತದೆ. ಹಾಗಾಗಿ ಡ್ರೈವ್ ಸರಿ ಉಂಟು, ಲಿನಕ್ಸಿನದ್ದೇ ತೊಂದರೆ ಅಲ್ವಾ? ಮಳೆಗಾಲಕ್ಕೆ ಮೊದಲು ಚೆನ್ನಾಗಿತ್ತು.

ಕುಂಬಳೆಯಿಂದ:
ಉಬುಂಟು ತೆಗೆದು ಹೊಸದಾಗಿ ಹಾಕಿ ನೋಡಿ.

ಮಂಜೇಶ್ವರದಿಂದ:
ಸ್ವಲ್ಪ ತಡೆಯಿರಿ ಮಾರಾಯ್ರೇ, ಏನೂ ಅಳಿಸಬೇಡಿ. ಟ್ರೇ ತೆರೆದರೆ ಕರೆಂಟ್ ಬರುತ್ತದೆ ಅಂತ ಮಾತ್ರ ಅರ್ಥ. ಸಾಟಾ (ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ) ಡ್ರೈವಿಗೆ ಕರೆಂಟಿನ ವಯರ್ ಬೇರೆ, ಡೇಟಾ ಕೇಬಲ್ ಬೇರೆ. ಅಗಲದ್ದು ಕರೆಂಟಿನದು, 15 ಪಿನ್; ಸಣ್ಣದು ಡೇಟಾದ್ದು, 7 ಪಿನ್. ಸಣ್ಣದು ಕೈಕೊಟ್ಟರೂ ಟ್ರೇ ಹೀಗೇ ಆಡುತ್ತದೆ.

ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಎಲ್‌ಎಸ್‌ಬಿಎಲ್‌ಕೆ (lsblk) ಕೊಡಿ, ಡ್ರೈವುಗಳ ಪಟ್ಟಿ ಬರುತ್ತದೆ. ಒಳಗೆ ಡಿಸ್ಕ್ ಇಲ್ಲದಿದ್ದರೂ ಎಸ್‌ಆರ್0 (sr0, ಡಿವಿಡಿ ಡ್ರೈವಿಗೆ ಲಿನಕ್ಸ್ ಕೊಡುವ ಹೆಸರು) ಎಂಬ ಸಾಲು ಇರಬೇಕು. ಇಲ್ಲದಿದ್ದರೆ ಮುಂದೆ ಸುಡೊ ಹಾಕಿ ಡಿಮೆಸೆಜ್ (sudo dmesg) ಓಡಿಸಿ, ಲಿನಕ್ಸ್ ಬರೆದಿಟ್ಟ ಸಂದೇಶಗಳು ಬರುತ್ತವೆ. ಅದರಲ್ಲಿ ಎಟಿಎ (ata, ಡ್ರೈವ್ ಜೋಡಿಸುವ ಪೋರ್ಟುಗಳು) ಅಂತ ಇರುವ ಸಾಲುಗಳನ್ನು ಇಲ್ಲಿ ಹಾಕಿ.

ಬದಿಯಡ್ಕದಿಂದ:
ಎಸ್‌ಆರ್0 ಇಲ್ಲ. ಎಟಿಎ1ಕ್ಕೆ "ಸಾಟಾ ಲಿಂಕ್ ಅಪ್ 6.0 ಜಿಬಿಪಿಎಸ್". 2, 3, 4ಕ್ಕೆ "ಲಿಂಕ್ ಡೌನ್". ಮೂರು ಪೋರ್ಟ್ ಸತ್ತಿದೆಯಾ?

ಮಂಜೇಶ್ವರದಿಂದ:
ಇಲ್ಲ ಇಲ್ಲ, ಖಾಲಿ ಪೋರ್ಟಿಗೂ ಅದೇ ಸಾಲು ಬರುತ್ತದೆ. ಆದರೆ ನಿಮ್ಮಲ್ಲಿ ಎರಡು ಪೋರ್ಟ್ ಮೇಲೇಳಬೇಕಿತ್ತು, ಹಾರ್ಡ್ ಡಿಸ್ಕಿನದು ಒಂದೇ ಎದ್ದಿದೆ. ಈಗ ಬಯೋಸ್‌ಗೆ (ಲಿನಕ್ಸ್ ಶುರುವಾಗುವ ಮೊದಲೇ ಓಡುವ, ಬೋರ್ಡಿನದ್ದೇ ಸೆಟ್ಟಿಂಗ್) ಹೋಗಿ ನೋಡಿ. ಅಲ್ಲಿ ಪೋರ್ಟ್ ಡಿಸೇಬಲ್ ಆಗಿರದೆ, ಡ್ರೈವಿನ ಹೆಸರೂ ಕಾಣದಿದ್ದರೆ ಲಿನಕ್ಸಿನ ತಪ್ಪಲ್ಲ. ಬಯೋಸ್‌ಗೇ ಗೊತ್ತಿಲ್ಲದ ಡ್ರೈವನ್ನು ಉಬುಂಟು ಎಲ್ಲಿಂದ ತರಬೇಕು?

ಆಮೇಲೆ ಪ್ಲಗ್ ತೆಗೆದು ಡೇಟಾ ಕೇಬಲಿನ ಎರಡೂ ತುದಿ ಬಿಚ್ಚಿ ಹಾಕಿ. ಆಗದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್. ನಮ್ಮೂರಿನ ಮಳೆಗಾಲದ ಥಂಡಿಗೆ ಪಿನ್ನಿಗೆ ಪಾಚಿ ಬಣ್ಣ ಬರುವುದು ಜಾಸ್ತಿ. ನಾನಿರುವ ಶಾಲೆಯ ಲ್ಯಾಬಿನಲ್ಲೂ ಎಲ್ಲ ಲಿನಕ್ಸ್ ಕಂಪ್ಯೂಟರ್‌ಗಳೇ. ಜೂನ್ ಕಳೆದ ಮೇಲೆ ನನ್ನ ಮೊದಲ ಕೆಲಸ ಕೇಬಲ್ ಬಿಚ್ಚಿ ಹಾಕುವುದು.

ಬದಿಯಡ್ಕದಿಂದ:
ಸಿಕ್ಕಿತು! ಬಯೋಸ್‌ನಲ್ಲೂ ಹೆಸರಿರಲಿಲ್ಲ. ಬೋರ್ಡಿನ ಕಡೆಯ ತುದಿ ಅರ್ಧ ಹೊರಗೆ ಬಂದಿತ್ತು, ಕೇಬಲಿಗೆ ಕೊಂಡಿಯೂ ಇಲ್ಲ. ಮಾಡು ಸೋರಿದಾಗ ಮೇಜು ಎಳೆದಿದ್ದೆವು, ಆಗ ಜಾರಿರಬೇಕು. ಕೊಂಡಿ ಇರುವ ಬೇರೆ ಕೇಬಲ್ ಹಾಕಿದೆ. ಈಗ ಎಟಿಎ2 "ಲಿಂಕ್ ಅಪ್ 1.5 ಜಿಬಿಪಿಎಸ್", ಎಸ್‌ಆರ್0ವೂ ಬಂತು. ಲಿಂಕಿನ ವೇಗ ಹಾರ್ಡ್ ಡಿಸ್ಕಿನದ್ದಕ್ಕಿಂತ ಕಡಿಮೆ ಯಾಕೆ?

ಮಂಜೇಶ್ವರದಿಂದ:
ಡಿವಿಡಿ ಡ್ರೈವಿಗೆ 1.5 ಸಾಕು, ಅದು ಸಹಜ.

ಬದಿಯಡ್ಕದಿಂದ:
ನಾಲ್ಕು ಡಿಸ್ಕ್ ಕಾಪಿ ಆಯಿತು. ಐದನೆಯದು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಮೇಲೆ ಬೂಷ್ಟಿನ ಹಾಗೆ ಕಾಣುತ್ತದೆ. ಎಂತ ಮಾಡುವುದು?

ಮಂಜೇಶ್ವರದಿಂದ:
ಮೆತ್ತಗಿನ ಬಟ್ಟೆ ಸ್ವಲ್ಪ ಒದ್ದೆ ಮಾಡಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಗೋಲ ಗೋಲ ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಡಿಡಿರೆಸ್ಕ್ಯೂ (ddrescue, ಹಾಳಾದ ಡಿಸ್ಕಿನಿಂದ ಓದಲು ಆದಷ್ಟನ್ನು ಕಾಪಿ ಮಾಡುವ ಪ್ರೋಗ್ರಾಮ್) ಓಡಿಸಿ, ಬ್ಲಾಕ್ ಅಳತೆ 2048 ಕೊಡಿ. ಮ್ಯಾಪ್ ಫೈಲಿನ (ಎಲ್ಲಿಯವರೆಗೆ ಓದಿ ಆಯಿತು ಅಂತ ಬರೆದಿಡುವ ಫೈಲ್) ಹೆಸರು ಕೊಡಲು ಮರೆಯಬೇಡಿ. ಅದಿದ್ದರೆ ಕರೆಂಟ್ ಹೋದರೂ ಅದೇ ಕಮಾಂಡ್ ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.