ಅಪ್‌ಡೇಟ್: 4294967297 ಅವಿಭಾಜ್ಯ ಅಲ್ಲ!

ಮೊನ್ನೆ ಕೇಳಿದ್ದೆ, 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೇ ಅಂತ. ಅಲ್ಲ. ಅದು 641 × 6700417. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯ ಅಂತಲೇ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದರು.

ನಾನು 3, 7, 11 ಅಂತ ಸುಮ್ನೆ ಭಾಗಿಸುತ್ತಾ ಹೋಗಿದ್ದೆ. ಅದು ಬೇಕೇ ಇರಲಿಲ್ಲ. ಇದರ ಅವಿಭಾಜ್ಯ ಅಪವರ್ತನ ಯಾವುದೇ ಆಗಲಿ, 128ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಹಾಗಾಗಿ ಮೊದಲು 257, ಆಮೇಲೆ ನೇರ 641. ಎರಡನೇ ಸಲಕ್ಕೇ ಸಿಕ್ಕಿತು! 6700417 ಅವಿಭಾಜ್ಯ ಅಂತ ಖಚಿತ ಮಾಡಿಕೊಳ್ಳಲೂ ಐದೇ ಸಂಖ್ಯೆ ಸಾಕಾಯಿತು: 257, 641, 769, 1153, 1409. ಅದರ ವರ್ಗಮೂಲದೊಳಗೆ ಬರುವ ಇಂಥ ಅವಿಭಾಜ್ಯಗಳು ಇಷ್ಟೇ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. 641 ಅಂದರೆ 5×128+1. ಅದೇ 625+16 ಕೂಡ, ಅಂದರೆ 5ರ 4ನೇ ಘಾತ + 2ರ 4ನೇ ಘಾತ. ಈ ಎರಡನ್ನು ಜೋಡಿಸಿದರೆ 4294967297 ಅನ್ನು 641 ಭಾಗಿಸುತ್ತದೆ ಅಂತ ಭಾಗಾಕಾರ ಮಾಡದೆಯೇ ಸಾಬೀತಾಗುತ್ತದೆ. ಎಷ್ಟು ಚಂದ ಅಲ್ವಾ!