ಸೌಂಡ್ ಕಮ್ಮಿ ಮಾಡಿದಾಗ ಕಳೆದುಹೋಗುವುದಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ತುಮಕೂರಿನಿಂದ ನಮಸ್ಕಾರ.

ಮನೆಯಲ್ಲಿ ಹಾಡು ಕೇಳುವ ಸಿಸ್ಟಮ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಪದ ಸಿಗದೆ ಒಂದು ಕಡೆ ನಿಂತುಹೋಗಿದೆ. ನಿಮ್ಮ ಸಹಾಯ ಬೇಕು.

ನಮ್ಮ ಕಡೆ 'ಸೌಂಡ್' ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. 'ಸೌಂಡ್ ಸ್ವಲ್ಪ ಕಮ್ಮಿ ಮಾಡಪ್ಪ' ಅಂದರೆ ಎಷ್ಟು ಅನ್ನುವ ಮಾತು. 'ಈ ಸ್ಪೀಕರ್ ಸೌಂಡ್ ಚೆನ್ನಾಗಿದೆ' ಅಂದರೆ ಹೇಗಿದೆ ಅನ್ನುವ ಮಾತು. ಆಡುವಾಗ ತೊಂದರೆ ಇಲ್ಲ. ಆದರೆ ಎಷ್ಟು ಅನ್ನುವುದು ಬದಲಾದರೆ ಹೇಗೆ ಅನ್ನುವುದೂ ಬದಲಾಗುತ್ತದೆ ಎಂದೇ ನಾನು ಬರೆಯಬೇಕಿದೆ.

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಸಂಗೀತ ಕಚೇರಿಯ ರೆಕಾರ್ಡಿಂಗ್ ಒಂದನ್ನು ಮೆಲ್ಲಗೆ ಹಾಕಿ ನೋಡಿ. ಹಾಡುವವರ ದನಿ ಕೇಳುತ್ತೆ, ಪಿಟೀಲು ಕೇಳುತ್ತೆ, ಮೃದಂಗದ ಬಲಗಡೆಯ ಪೆಟ್ಟೂ ಸ್ಪಷ್ಟ. ರವೆ ಹಚ್ಚಿದ ಎಡಗಡೆಯ ಗುಂಕಾರ ಮಾತ್ರ ಇಲ್ಲವೇ ಇಲ್ಲ ಅನ್ನಿಸುತ್ತೆ. ವಾಲ್ಯೂಮ್ ಏರಿಸಿ, ಅದು ತಾನಾಗಿ ಬಂದು ಕೂರುತ್ತೆ. ಇದರಲ್ಲಿ ಸ್ಪೀಕರಿನ ತಪ್ಪೇನೂ ಇಲ್ಲ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಅಷ್ಟಾಗಿ ದಕ್ಕುವುದಿಲ್ಲ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅದು ಕಮ್ಮಿಯಾದಷ್ಟೂ ಸ್ವರ ಕೆಳಗೆ; ಡೆಸಿಬಲ್ ಅಂದರೆ ಮೀಟರ್ ತೋರಿಸುವ ಸದ್ದಿನ ಅಳತೆ. ಈಗಿನ ಅಳತೆಯ ಪ್ರಕಾರ 1000 ಹರ್ಟ್ಸ್‌ನ ದನಿ 40 ಡೆಸಿಬಲ್ ಇದ್ದರೆ, 100 ಹರ್ಟ್ಸ್‌ನ ದನಿ ಅಷ್ಟೇ ಜೋರಾಗಿ ಕೇಳಿಸಲು 60 ಡೆಸಿಬಲ್ ದಾಟಬೇಕು. ಸದ್ದು ಏರಿದಷ್ಟೂ ಈ ಅಂತರ ಕಮ್ಮಿಯಾಗುತ್ತಾ ಬರುತ್ತದೆ. ಹಳೆಯ ಆಂಪ್ಲಿಫೈಯರ್‌ಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಗುಂಡಿ ಇರುತ್ತಿತ್ತು, ನೆನಪಿದೆಯಾ? ಅದು ಇದ್ದದ್ದೇ ಮೆಲ್ಲಗೆ ಕೇಳುವವರಿಗಾಗಿ, ಬೇಸ್ ಅಂದರೆ ಈ ಕೆಳಗಿನ ಸ್ವರಗಳನ್ನು ಎತ್ತಿ ಕೊಡಲು.

ಈಗ ಪದಗಳಿಗೆ ಬರ್ತೀನಿ. ಮೀಟರ್ ಅಳೆಯುವುದಕ್ಕೆ 'ಮಟ್ಟ', ಕಿವಿಗೆ ಅನ್ನಿಸುವುದಕ್ಕೆ 'ಜೋರು' ಅಂತ ಇಟ್ಟುಕೊಂಡಿದ್ದೇನೆ. ವಿಜ್ಞಾನದ ಪುಸ್ತಕಗಳ 'ತೀವ್ರತೆ'ಯನ್ನು ಎರಡಕ್ಕೂ ಹಾಕಿದರೆ ಕೆಲಸ ಕೆಡುತ್ತದೆ. ಮಟ್ಟ 10 ಡೆಸಿಬಲ್ ಏರಲು ಆಂಪ್ಲಿಫೈಯರ್ ಹತ್ತು ಪಟ್ಟು ಪವರ್ ಕೊಡಬೇಕು, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಎರಡು ಪದ ಇಲ್ಲದೆ ಈ ವಾಕ್ಯ ಬರೆಯೋದು ಹೇಗೆ? 'ಜೋರು' ಪಾರಸಿಯಿಂದ ಬಂದದ್ದು ಅಂತ ಯಾರಾದರೂ ಬೇಡ ಅನ್ನಬಹುದು. ನನಗೆ ಅದು ಮನೆಮಾತೇ. 'ಗಟ್ಟಿ'ಯನ್ನೂ ಯೋಚಿಸಿದೆ. 'ಗಟ್ಟಿಯಾಗಿ ಓದು' ಸರಿ, ಆದರೆ 'ಗಟ್ಟಿ ಸ್ಪೀಕರ್' ಅಂದರೆ ಬೇಗ ಕೆಡದ ಸ್ಪೀಕರ್ ಅಂತಾಗುತ್ತದೆ, ಅಲ್ವಾ?

ವಾಲ್ಯೂಮ್ ಮಿತಿ ಮೀರಿದಾಗ ಆಗುವುದಕ್ಕೆ ಪದ ಹುಡುಕಬೇಕಾಗಿಲ್ಲ. ಮೈಕ್ ಸೆಟ್ ಬಾಡಿಗೆಗೆ ಕೊಡುವವರು 'ಸೌಂಡ್ ಒಡೀತಿದೆ' ಅಂತಾರೆ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿದು ಅಲೆಯ ತಲೆ ಕತ್ತರಿಸಿಹೋಗುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಸಿಕ್ಕದಿರುವುದು ಇನ್ನೊಂದು ತುದಿಯ ಪದ. ದನಿ ಮೆಲ್ಲಗಾದಾಗ ಅದರ ಬುಡ ಹೋಗುತ್ತದಲ್ಲ, ಅದಕ್ಕೇನನ್ನಬೇಕು? 'ತೆಳುವಾಯಿತು' ಅಂದರೆ ಸಾಲದು. 'ಪೇಲವ' ಅಂದರೆ ಬಣ್ಣ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ 'ಸೊರಗು' ಹತ್ತಿರ ಅನ್ನಿಸಿದೆ, ಅದರ ಎದುರಿಗೆ 'ತುಂಬು ದನಿ'. ಆದರೂ ನಮ್ಮ ಜಿಲ್ಲೆಯಲ್ಲಿ ತಮಟೆ, ಉರುಮೆ, ಅರೆ ಬಾರಿಸುವವರ ಬಾಯಲ್ಲಿ ಇದಕ್ಕೆ ಒಳ್ಳೆಯ ಪದ ಇರಲೇಬೇಕು. ಕೆಳದನಿಯನ್ನು ಕೈಯಿಂದಲೇ ಎಬ್ಬಿಸುವವರು ಅವರು. ಶಿರಾ, ಪಾವಗಡ, ತಿಪಟೂರು ಕಡೆಯವರು ದಯವಿಟ್ಟು ಕೇಳಿ ತಿಳಿಸಿ. ಈ ವಾಕ್ಯದಲ್ಲಿ ಕೂರುವ ಪದ ಆಗಬೇಕು: 'ವಾಲ್ಯೂಮ್ ಕಮ್ಮಿ ಮಾಡಿದರೆ ಮೃದಂಗ ———.'